ಹುಲಿ ಬಂದೈತಿ, ನೋಡಿಕೊಂಡು ಹೋಗ್ರಿ

ನಿಜಾಮರ ಸೀಮೆಗೆ ಹೋಗಿ ಬಂದು ಎರಡು ತಿಂಗಳಾಯಿತು. ಮೈಸೂರಿನಲ್ಲಿ ಸಿಕ್ಕವರೆಲ್ಲ ಅಲ್ಲಿ ಏನೇನು ನೋಡಿದಿರಿ ಎಂದು ಕೇಳುತ್ತಾರೆ. ನಾನು ಎರೆಮಣ್ಣಿನ ಹೊಲಗಳನ್ನು, ಜೋಳದ ರೊಟ್ಟಿಯನ್ನು, ಉರ್ದು ಬೋರ್ಡುಗಳನ್ನು ಉತ್ಸಾಹದಿಂದ ವರ್ಣಿಸುತ್ತೇನೆ. ವರ್ಣಿಸುತ್ತಿರುವಾಗಲೇ ಮನಸ್ಸು ಮಸ್ಕಿಯ ಗುಡ್ಡಕ್ಕೆ ಓಡಿಹೋಗುತ್ತದೆ. ಅಲ್ಲಿ ನನ್ನ ಒಂದು ತಪ್ಪಿನಿಂದ ನನ್ನ ಅಕ್ಕನ ಚಿಕ್ಕ ಮಗಳ ಜೀವಕ್ಕೆ ಕುತ್ತು ಬಂದಿತ್ತು. ಮೊನ್ನೆ ತರಗತಿಯ ಗೋಡೆಯ ಮೇಲೆ ಹಲ್ಲಿಯೊಂದು ಬಾಲದ ತುದಿಯನ್ನು ಆಡಿಸಿತು. ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯಿತು. ಹುಡುಗಿಯರು ನಕ್ಕರು. ನಾನೂ ನಕ್ಕೆ. ಆದರೆ ಗಂಟೆ ಹೊಡೆಯುವವರೆಗೆ ಕುರ್ಚಿ ಬಿಟ್ಟು ಏಳಲಾಗಲಿಲ್ಲ.

ಬರೆದರೆ ಹಗುರವಾದೀತು ಎಂದು ಬರೆಯುತ್ತಿದ್ದೇನೆ. ನಡೆದದ್ದರಲ್ಲಿ ಮುಕ್ಕಾಲು ಪಾಲು ಸಂತೋಷವೇ. ಅದನ್ನು ಮೊದಲು ಹೇಳುತ್ತೇನೆ.

ಭಾವ ನಿಜಾಮ್ ಸರ್ಕಾರದಲ್ಲಿ ಓವರ್ಸಿಯರ್. ಅಕ್ಕನೊಂದಿಗೆ ಲಿಂಗಸುಗೂರಿನಲ್ಲಿದ್ದಾರೆ. ಅಲ್ಲಿ ಕನ್ನಡದಲ್ಲಿ ಓದಿಸಲು ಅನುಕೂಲವಿಲ್ಲವೆಂದು ಅವರ ಇಬ್ಬರು ಹೆಣ್ಣುಮಕ್ಕಳು ನನ್ನ ಬಳಿ ಇದ್ದುಕೊಂಡು ನಾನು ಪಾಠ ಹೇಳುವ ಶಾಲೆಯಲ್ಲೇ ಓದುತ್ತಾರೆ. ಶಾರದೆಗೆ ಹನ್ನೊಂದು, ವಿಮಲೆಗೆ ಏಳು. ಕ್ರಿಸ್‌ಮಸ್ ರಜೆಗೆ ಮುಂಚೆ ಭಾವನ ಕಾಗದ ಬಂತು: 'ಈ ಸಲ ಮೊಹರಂ ರಜೆಯಲ್ಲೇ ಬಂದಿದೆ. ಮಕ್ಕಳನ್ನು ಕರೆದುಕೊಂಡು ಬಾ. ಅಪ್ಪ ಅನ್ನ ತಿನ್ನುವ ದೇಶ ಹೇಗಿದೆ, ಅದರ ಚರಿತ್ರೆ ಏನು, ಹಬ್ಬ ಏನು ಅಂತ ನೋಡಲಿ. ವಿಮಲೆಯ ಪುಕ್ಕಲನ್ನೂ ಸಾಧ್ಯವಾದರೆ ದಾರಿಯಲ್ಲಿ ಬಿಟ್ಟು ಬಾ.'

ವಿಮಲೆಯ ಪುಕ್ಕಲು ನಮ್ಮ ಬೀದಿಗೆಲ್ಲ ಗೊತ್ತು. ನಾಯಿಗೆ ಹೆದರುತ್ತಾಳೆ, ನಾಯಿಯ ನೆರಳಿಗೂ ಹೆದರುತ್ತಾಳೆ. ಬಲೂನು ಊದಿದರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ಬಿ.ಎ. ಓದಿ, ಬೋಧನೆಯ ತರಬೇತಿಯನ್ನೂ ಪಡೆದ ನಾನು ಇದನ್ನು ಶಾಸ್ತ್ರೀಯವಾಗಿ ಸರಿಪಡಿಸಬಲ್ಲೆನೆಂದು ನಂಬಿದ್ದೆ.

ಹೊಳೆಯಾಚೆ

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಬಂದು, ಅಲ್ಲಿಂದ ತುಂಗಭದ್ರೆಯ ಮರಳಿಗೆ ಇಳಿದು, ಹರಿಗೋಲಿನಲ್ಲಿ ದಾಟಿದರೆ ಬೇರೆ ದೇಶ. ಆಚೆ ದಡದಲ್ಲಿ ಇಳಿದ ಕೂಡಲೇ ಶಾರದೆ ನೆಲ ನೋಡಿದಳು. "ಮಣ್ಣು ಒಂದೇ ಥರ ಇದೆಯಲ್ಲ ಚಿಕ್ಕಮ್ಮ," ಎಂದಳು. ಅವಳ ಭೂಪಟದಲ್ಲಿ ಈಚೆಗೆ ಒಂದು ಬಣ್ಣ, ಆಚೆಗೆ ಇನ್ನೊಂದು ಬಣ್ಣ.

ದಡದ ಮೇಲೆ ಸುಂಕದ ಕಟ್ಟೆ. ಅದನ್ನು ಅಲ್ಲಿಯವರು ನಾಕಾ ಎನ್ನುತ್ತಾರೆ. ನಾಕಾದವರು ಟ್ರಂಕು ತೆಗೆಸಿದರು. ಅಕ್ಕನಿಗೆಂದು ಅಮ್ಮ ಕಳಿಸಿದ್ದ ಕೋಡುಬಳೆಯ ಡಬ್ಬ ಅವರಿಗೆ ಬಹಳ ಅನುಮಾನ ಹುಟ್ಟಿಸಿತು. ಒಂದು ಕೋಡುಬಳೆಯನ್ನು ಬೆರಳಿಗೆ ತೂಗುಹಾಕಿಕೊಂಡು ತಿರುಗಿಸಿ ನೋಡಿದರು. "ಯೇ ಕ್ಯಾ ಜೇವರ್ ಹೈ?" ಎಂದರು. ನಾನು ಹಿಂದಿ ಪರೀಕ್ಷೆಯಲ್ಲಿ ಮೊದಲ ದರ್ಜೆಯವಳು. ಆಭರಣವಲ್ಲ, ಖಾದ್ಯಪದಾರ್ಥ ಎಂದು ಅಚ್ಚ ಸಂಸ್ಕೃತದ ಹಿಂದಿಯಲ್ಲಿ ವಿವರಿಸಿದೆ. ಅವರಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಶಾರದೆ ಒಂದು ಕೋಡುಬಳೆ ತೆಗೆದು ಕರುಂ ಎಂದು ಕಚ್ಚಿ ತೋರಿಸಿದಳು. ಅವರೂ ಒಂದು ಕಚ್ಚಿದರು. ಡಬ್ಬದ ಮುಚ್ಚಳ ಮುಚ್ಚುವುದರೊಳಗೆ ನಾಕಾದ ಅಷ್ಟೂ ಜನ ಕರುಂ ಕರುಂ ಎನ್ನುತ್ತಿದ್ದರು.

ಸಿಂಧನೂರು

ಭಾವ ಕಳಿಸಿದ್ದ ಕಮಾನು ಗಾಡಿ ದಡದಲ್ಲಿ ಕಾದಿತ್ತು. ಗಾಡಿ ಹೊಡೆಯುವವನಿಗೆ ನಲವತ್ತರ ಆಸುಪಾಸು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಕೆಂಪು ಹಸಿರು ದಾರದ ಹಾರ. ಶಾರದೆ ಹೆಸರು ಕೇಳಿದಳು.

"ಹುಸೇನಪ್ಪ ಅಂತಾರ್ರಿ."

ಮಕ್ಕಳು ಮುಖ ಮುಖ ನೋಡಿಕೊಂಡರು. "ನೀವು ಹುಸೇನೋ, ಅಪ್ಪನೋ?" ಎಂದಳು ಶಾರದೆ.

"ಎರಡೂ ಹೌದ ತಂಗಿ. ನಮ್ಮವ್ವಗ ಮಕ್ಕಳು ಉಳೀತಿದ್ದಿಲ್ಲ. ಹುಸೇನ್ ದೇವರಿಗೆ ಹರಕಿ ಹೊತ್ತಳು, ನಾ ಉಳದೆ. ಹುಸೇನ ದೇವರದು, ಅಪ್ಪ ನಮ್ಮ ಮನೀದು. ನಮ್ಮ ತಮ್ಮ ಇಮಾಮಪ್ಪ, ತಂಗಿ ಫಕೀರವ್ವ. ನಮ್ಮ ಮನಿ ದೇವರು ಮಸ್ಕಿ ಮಲ್ಲಯ್ಯ."

ಮೈಸೂರಿನಲ್ಲಿ ನಾನು ಮಕ್ಕಳಿಗೆ ಮೊಹರಂ ಬಗ್ಗೆ ಹೇಳಿದ್ದು ಒಂದೇ ವಾಕ್ಯ: ಅದು ಮುಸಲ್ಮಾನರ ದುಃಖದ ದಿನ. ಆ ವಾಕ್ಯ ಸಿಂಧನೂರು ತಲುಪುವ ಮೊದಲೇ ಗಾಡಿಯಿಂದ ಬಿದ್ದುಹೋಯಿತು. ಊರ ಬಾಗಿಲಲ್ಲೇ ಲಿಂಗ ಕಟ್ಟಿಕೊಂಡ ಹೆಂಗಸರು ತಲೆಯ ಮೇಲೆ ಹರಿವಾಣ ಹೊತ್ತು ದೇವರು ಕೂರಿಸಿದ ಮಸೀದಿಯ ಕಡೆಗೆ ಹೊರಟಿದ್ದರು. ಏನು ಒಯ್ಯುತ್ತಿದ್ದಾರೆ ಎಂದು ಕೇಳಿದೆ.

"ಸಕ್ಕರಿ ಓದಸಾಕ ಹೊಂಟಾರ್ರಿ."

"ಸಕ್ಕರೆ ಓದುತ್ತಾ? ಎಷ್ಟನೇ ಕ್ಲಾಸು?" ಎಂದು ವಿಮಲೆ ನನ್ನ ಕಿವಿಯಲ್ಲಿ ಕೇಳಿದಳು.

ಹುಸೇನಪ್ಪ ಎತ್ತು ನಿಲ್ಲಿಸಿ ನಕ್ಕ. ದೇವರ ಮುಂದೆ ಸಕ್ಕರೆ ಇಟ್ಟರೆ ಮುಲ್ಲಾ ಮಂತ್ರ ಓದಿ ಕೊಡುತ್ತಾನೆ, ಓದಿಸಿದ ಸಕ್ಕರೆ ಪ್ರಸಾದ, ಅಷ್ಟೆ. ನಾವೂ ಇಳಿದು ಓದಿಸಿದೆವು. ವಿಮಲೆ ತನ್ನ ಪಾಲಿನ ಪೊಟ್ಟಣವನ್ನು ತಿನ್ನದೆ ಲಂಗದ ಗಂಟಿನಲ್ಲಿ ಕಟ್ಟಿಕೊಂಡಳು. ಓದಿದ ಸಕ್ಕರೆಯನ್ನು ತಿಂದುಬಿಟ್ಟರೆ ಓದಿದ್ದೆಲ್ಲ ವ್ಯರ್ಥ ಎಂದು ಅವಳ ಲೆಕ್ಕ.

ರಾತ್ರಿ ತಂಗಿದ್ದು ಭಾವನ ಪರಿಚಯದ ಮೇಷ್ಟರ ಮನೆಯಲ್ಲಿ. ಅವರ ಗೋಡೆಯ ಮೇಲೆ ಸರ್ಕಾರಿ ಕ್ಯಾಲೆಂಡರು. ಅದರಲ್ಲಿ ಫಸಲಿ ವರ್ಷ, ನಮ್ಮದಕ್ಕಿಂತ ಸುಮಾರು ಆರುನೂರು ಹಿಂದೆ. ಶಾರದೆ ಬೆರಳು ಮಡಚಿ ಕಳೆದಳು. "ಚಿಕ್ಕಮ್ಮ, ಈ ದೇಶದ ಪ್ರಕಾರ ನಾವಿನ್ನೂ ಹುಟ್ಟೇ ಇಲ್ಲ," ಎಂದು ಪ್ರಕಟಿಸಿದಳು. ಮರುದಿನ ಇನ್ನೊಂದು ಸಂಶೋಧನೆ. ಇಲ್ಲಿ ಶಾಲೆಗೆ ಶುಕ್ರವಾರ ರಜೆ, ಭಾನುವಾರ ಪಾಠ. ಎರಡು ದೇಶಗಳ ಮಧ್ಯೆ ಮನೆ ಮಾಡಿಕೊಂಡರೆ ವಾರಕ್ಕೆ ಎರಡು ರಜೆ ಸಿಗುತ್ತದೆಂದು ಅಕ್ಕತಂಗಿಯರಿಬ್ಬರೂ ಬೆಳಗಿನ ರೊಟ್ಟಿ ಮುಗಿಯುವವರೆಗೆ ಯೋಚಿಸಿದರು.

ಲಿಂಗಸುಗೂರು

ಲಿಂಗಸುಗೂರಿನಲ್ಲಿ ಅಕ್ಕ ಮಕ್ಕಳನ್ನು ಅಪ್ಪಿಕೊಂಡು ಅತ್ತಳು. ಆಮೇಲೆ ನನ್ನನ್ನು, ಮಕ್ಕಳು ಇಳಿದುಹೋಗಿವೆ ಎಂದು ಬೈದಳು. ಅಷ್ಟರಲ್ಲಿ ಬೀದಿಯಲ್ಲಿ ಹಲಗೆ ಬಾರಿಸುವ ಸದ್ದು ಕೇಳಿತು. ಹಲಗೆಯ ಹಿಂದೆ ಹುಲಿಗಳು ಬಂದವು.

ಇಲ್ಲಿ ಮೊಹರಂ ದಿನಗಳಲ್ಲಿ ಹರಕೆ ಹೊತ್ತವರು ಹುಲಿಯ ವೇಷ ಹಾಕಿ ಬೀದಿ ಬೀದಿ ಕುಣಿಯುತ್ತಾರೆ. ಮೈತುಂಬ ಹಳದಿ, ಅದರ ಮೇಲೆ ಕಪ್ಪು, ಸೊಂಟಕ್ಕೆ ಬಟ್ಟೆ ತುರುಕಿದ ಬಾಲ. ವಿಮಲೆ ಒಂದು ಸಲ ನೋಡಿದಳು, ಅಷ್ಟೆ. ಅಕ್ಕನ ಸೆರಗಿನೊಳಗೆ ಹೊಕ್ಕವಳು ಊಟಕ್ಕೂ ಹೊರಗೆ ಬರಲಿಲ್ಲ. ರಾತ್ರಿ ಮೈ ಬೆಚ್ಚಗಾಯಿತು.

"ಇದೇನು ಪುಕ್ಕಲು ಬಿಡಿಸಿಕೊಂಡು ಬಂದದ್ದು?" ಎಂದರು ಭಾವ.

ನನ್ನ ಬೋಧನಾಶಾಸ್ತ್ರಕ್ಕೆ ಇದು ಸವಾಲು. ಬೆಳಗ್ಗೆ ಹುಸೇನಪ್ಪ ಎತ್ತಿಗೆ ಹುಲ್ಲು ಹಾಕಲು ಬಂದ. ಅವನೇ ವರ್ಷವೂ ಹುಲಿಯಾಗುತ್ತಾನೆಂದು ಆಗ ತಿಳಿಯಿತು. ನಾನು ಒಂದು ಉಪಾಯ ಮಾಡಿದೆ. ಈ ಸಲ ವೇಷವನ್ನು ನಮ್ಮ ಹಿತ್ತಿಲಲ್ಲೇ ಬರೆಸಿಕೋ, ಮಗು ಮೊದಲಿನಿಂದ ನೋಡಲಿ ಎಂದೆ.

ಹುಸೇನಪ್ಪ ಕಲ್ಲಿನ ಮೇಲೆ ಕೂತ. ಬಣ್ಣ ಬರೆಯುವವನು ಎಣ್ಣೆ ಸವರಿ ಹಳದಿ ಬಳಿದ. ವಿಮಲೆ ಬಾಗಿಲ ಸಂದಿಯಿಂದ ನೋಡಿದಳು, ಆಮೇಲೆ ಹೊಸ್ತಿಲಿನಿಂದ, ಆಮೇಲೆ ಬಣ್ಣದ ಬಟ್ಟಲ ಪಕ್ಕದಿಂದ. ಹಳದಿ ಒಣಗುವ ಮೊದಲೇ ಪಟ್ಟೆ ಎಳೆಯಲು ಹೋಗಿ ಕಪ್ಪು ಅಲ್ಲಲ್ಲಿ ಹರಡಿತು. ನೋಡಲು ಬಂದಿದ್ದ ಅವನ ಗೆಳೆಯರು ಬಿಡುತ್ತಾರೆಯೇ?

"ಲೇ ಹುಸೇನ್ಯಾ, ಹುಲಿ ಅಲ್ಲಲೇ ನೀ, ಚಿರತಿ ಆಗೀ."

"ಚಿರತಿನೂ ಅಲ್ಲಲೇ, ಮಾಗಿದ ಬಾಳಿಹಣ್ಣು ಆಗ್ಯಾನ."

"ಆಗಲೇಳು," ಎಂದ ಹುಸೇನಪ್ಪ. "ಇನ್ನ ಪೂರಾ ಚುಕ್ಕೀನ ಇಡಸ್ತೀನಿ. ತಂಗಿ, ನೀ ಒಂದು ಇಡತೀಯೇನು?"

ವಿಮಲೆ ತೋರುಬೆರಳನ್ನು ಕಪ್ಪಿನಲ್ಲಿ ಅದ್ದಿದಳು. ಅವನ ಭುಜದ ಮೇಲೆ ಒಂದು ಚುಕ್ಕೆ ಇಟ್ಟಳು. ಹಾಗೇ ಒಂದಾದ ಮೇಲೊಂದು ಇಡುತ್ತ ಹೋದಳು. ಆಗ ನಾನು ಒಂದು ಮಾತು ಆಡಿದೆ. ಈ ಎರಡು ತಿಂಗಳಲ್ಲಿ ಅದನ್ನು ಎಷ್ಟು ಸಲ ನುಂಗಿಕೊಂಡಿದ್ದೇನೋ ಲೆಕ್ಕವಿಲ್ಲ.

"ನೋಡಿದೆಯಾ ಪುಟ್ಟಿ? ಹುಲಿಯೊಳಗೆ ಯಾವಾಗಲೂ ಒಬ್ಬ ಮನುಷ್ಯ ಇರ್ತಾನೆ. ಹೆದರೋದಕ್ಕೆ ಏನೂ ಇಲ್ಲ."

ಹುಸೇನಪ್ಪ ಅವಳಿಗೆ ಹುಲಿಯ ಮರ್ಯಾದೆಯನ್ನೂ ಹೇಳಿಕೊಟ್ಟ. "ಬಾಲ ಕಟ್ಟಿದ ಮ್ಯಾಲ ನಾ ಮಾತಾಡೂದಿಲ್ಲ. ನೀ ಚೀರಬ್ಯಾಡ, ಓಡಬ್ಯಾಡ. ಹುಲಿಗೆ ಬೆನ್ನ ಕೊಡಬಾರದು. ಏನರ ಕೊಡೂದಿದ್ರ ಮುಂದ ಇಟ್ಟು, ಸಲಾಂ ಮಾಡಿ, ಹಂಗ ಹಿಂದ್ಹಿಂದ ಹೆಜ್ಜಿ ಇಟ್ಟು ಬರಬೇಕು. ತಿಳೀತಿಲ್ಲೋ?"

ಅಂದು ಸಂಜೆ ಹಲಗೆ ಬಂದಾಗ ವಿಮಲೆ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಹುಸೇನಪ್ಪ ಗುರ್ ಎಂದು ಎಗರಿ ಬಂದರೂ ಕಣ್ಣು ಮಿಟುಕಿಸಲಿಲ್ಲ. ಮೊಹರಂಗೆ ಮಾಡುವ ಬೆಲ್ಲದ ಸಿಹಿರೊಟ್ಟಿ ಚೊಂಗೆಯನ್ನು ನೆಲದ ಮೇಲಿಟ್ಟು, ಸಲಾಂ ಮಾಡಿ, ಹಿಂದೆ ಹಿಂದೆ ಹೆಜ್ಜೆ ಇಟ್ಟು ಬಂದು ಅಕ್ಕನ ಕಾಲಿಗೆ ಡಿಕ್ಕಿ ಹೊಡೆದಳು. ಅವನು ಚೊಂಗೆಯನ್ನು ಬಾಯಿಂದಲೇ ಎತ್ತಿಕೊಂಡ. ಬೀದಿಯೆಲ್ಲ ಶಹಬ್ಬಾಸ್ ಎಂದಿತು. ಭಾವ ನನ್ನ ಕಡೆ ನೋಡಿ ಕೈ ಮುಗಿದರು. ನಾನು ಅಷ್ಟು ಹೆಮ್ಮೆಪಟ್ಟ ದಿನ ಇನ್ನೊಂದಿಲ್ಲ.

ಮಸ್ಕಿ

ಹಬ್ಬದ ಕೊನೆಯ ಎರಡು ದಿನ ಅಲ್ಲಿ ಯಾವ ಗಾಡಿಯೂ ಹೊರಡುವುದಿಲ್ಲ. ನಮ್ಮ ಶಾಲೆ ತೆರೆಯುವ ದಿನ ಹತ್ತಿರ ಬಂದಿತ್ತು. ಹಾಗಾಗಿ ಅದಕ್ಕೆ ಮುಂಚೆ ಮಸ್ಕಿಯವರೆಗಾದರೂ ತಲುಪಿ, ಕೊನೆಯ ದಿನಗಳನ್ನು ಅಲ್ಲಿ ಕಳೆದು ಮುಂದೆ ಹೋಗುವುದೆಂದಾಯಿತು. ಹುಸೇನಪ್ಪನ ಹೆಂಡತಿಯ ತವರು ಮಸ್ಕಿ. ಅವನು ತನ್ನ ಮೇಳದೊಂದಿಗೆ ಊರೂರು ಕುಣಿಯುತ್ತ ಒಂದು ದಿನ ಮುಂಚೆಯೇ ನಡೆದು ಹೋದ. "ನಮ್ಮ ಹರಕಿ ಮಸ್ಕ್ಯಾಗ ಮುಗೀತೈತಿ. ಅಲ್ಲೇ ಸಿಗತೀನಿ, ತಂಗಿ," ಎಂದು ವಿಮಲೆಗೆ ಹೇಳಿಹೋದ. ಅಕ್ಕ ಭಾವನಿಗೆ ಹೇಳಿ ನಾವು ಮೂವರೂ ಬೇರೆ ಗಾಡಿಯಲ್ಲಿ ಹೋದೆವು.

ನಾವು ಇಳಿದದ್ದು ಬಸಲಿಂಗಮ್ಮನ ಮನೆಯಲ್ಲಿ. ಭಾವನ ಸಹೋದ್ಯೋಗಿಯ ತಾಯಿ ಆಕೆ. ಎರಡು ಹೊತ್ತು ಲಿಂಗಪೂಜೆ ಮಾಡುವ ಮುದುಕಿ. ಮೊಹರಂನ ಹತ್ತು ದಿನ ಮಾತ್ರ ಕೈಗೆ ಕೆಂಪು ದಾರ. ಎರಡೂ ಹೇಗೆ ಎಂದು ಶಾರದೆ ಕೇಳಿದ್ದಕ್ಕೆ, "ಮಲ್ಲಯ್ಯ ಮನಿಯಾವ, ಹುಸೇನ್ ಬೀಗ. ಬೀಗರು ಬಂದಾಗ ಮನಿಯಾವ ಸಿಟ್ಟಾಗತಾನೇನು?" ಎಂದಳು.

ಮರುದಿನ ಬೆಳಗ್ಗೆ ಮೂವರೂ ಗುಡ್ಡದ ಕಡೆಗೆ ಹೊರಟೆವು. ಎರಡು ಸಾವಿರ ವರ್ಷಕ್ಕೂ ಹಿಂದೆ ಅಶೋಕ ಚಕ್ರವರ್ತಿ ಬರೆಸಿದ ಶಾಸನ ಅಲ್ಲಿ ಒಂದು ಬಂಡೆಯ ಮೇಲಿದೆ. ಬೇರೆಡೆ ಸಿಕ್ಕ ಶಾಸನಗಳಲ್ಲಿ ದೇವರಿಗೆ ಪ್ರಿಯನಾದ ರಾಜ ಎಂದಷ್ಟೇ ಇತ್ತಂತೆ. ಆ ರಾಜನೇ ಅಶೋಕ ಎಂದು ಹೆಸರು ಹಿಡಿದು ಹೇಳಿದ ಬಂಡೆ ಇದು. ಮಕ್ಕಳಿಗೆ ತೋರಿಸಲು ಇದಕ್ಕಿಂತ ದೊಡ್ಡ ಚರಿತ್ರೆ ಯಾವುದಿದೆ?

ಗುಡ್ಡದ ಬುಡದಲ್ಲಿ ಒಬ್ಬ ಕುರುಬ ಕುರಿಗಳನ್ನು ಅಟ್ಟಿಕೊಂಡು ಕೆಳಗೆ ಬರುತ್ತಿದ್ದ. ಬೆಳಗಿನ ಹೊತ್ತು ಕುರಿ ಗುಡ್ಡ ಹತ್ತಬೇಕು, ಇಳಿಯುವುದೇಕೆ ಎಂದು ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ.

"ಗುಡ್ಡಕ್ಕ ಹೊಂಟೀರೇನ್ರಿ ಅಕ್ಕಾರ?"

"ಹೌದಪ್ಪ, ಬಂಡೆ ಮೇಲಿನ ಬರಹ ನೋಡೋಕೆ."

"ಹುಲಿ ಬಂದೈತ್ರಿ ಗುಡ್ಡದಾಗ. ನೋಡಿಕೊಂಡು ಹೋಗ್ರಿ."

ವಿಮಲೆ ಕುಣಿದಳು. ನನಗೂ ನಗು ಬಂತು. "ಓಹೋ, ಆಗಲೇ ಬಂದನೇ? ನೋಡಿಕೊಂಡೇ ಹೋಗ್ತೀವಪ್ಪ. ಮಕ್ಕಳು ಅದನ್ನ ನೋಡಬೇಕು ಅಂತಲೇ ಕಾಯ್ತಿದಾರೆ."

ಕುರುಬ ಬಾಯಿ ತೆರೆದುಕೊಂಡು ನಿಂತ. ಅವನು ಅಂದದ್ದು ಜೋಪಾನವಾಗಿ ಹೋಗಿ ಎಂದು. ನಾನು ಕೇಳಿಸಿಕೊಂಡದ್ದು ಹುಲಿಯನ್ನು ನೋಡಿ ಆಮೇಲೆ ಮುಂದೆ ಹೋಗಿ ಎಂದು. ಮೊಹರಂ ಅಲ್ಲದ ದಿನ ಅವನು ಇದೇ ಮಾತು ಆಡಿದ್ದರೆ ನಾನು ಮಕ್ಕಳನ್ನು ಕಂಕುಳಲ್ಲಿ ಇರುಕಿಕೊಂಡು ಊರಿಗೆ ಓಡುತ್ತಿದ್ದೆ. ಅಂದು ಅಕ್ಕ ದಾರಿಗೆ ಕಟ್ಟಿಕೊಟ್ಟಿದ್ದರಲ್ಲಿ ಒಂದು ಕೋಡುಬಳೆಯನ್ನು ಅವನಿಗೆ ಕೊಟ್ಟು ಮುಂದೆ ನಡೆದೆ.

ಶಾಸನದ ಬಂಡೆ ಇನ್ನೊಂದು ದೊಡ್ಡ ಬಂಡೆಯ ನೆರಳಿನಲ್ಲಿದೆ. ಶಾರದೆ ನೋಟ್‌ಬುಕ್ ತೆಗೆದು ಅಕ್ಷರ ನಕಲು ಮಾಡತೊಡಗಿದಳು. ನಾನು ಹೆಸರಿನ ಅಕ್ಷರಗಳನ್ನು ಹುಡುಕಿ ತೋರಿಸುತ್ತಿದ್ದೆ. ವಿಮಲೆಗೆ ಬೇಸರವಾಗಿ ಸುತ್ತ ನೋಡುತ್ತಿದ್ದಳು.

"ಚಿಕ್ಕಮ್ಮ, ಹುಸೇನಪ್ಪ ಅಲ್ಲಿ ಮೇಲೆ ಮಲಗಿದಾನೆ. ಓದಿಸಿದ ಸಕ್ಕರೆ ಕೊಟ್ಟು ಬರಲಾ?"

"ಹೂಂ, ಹೋಗು. ಮರ್ಯಾದೆ ಮರೀಬೇಡ," ಎಂದೆ. ತಲೆ ಎತ್ತಲಿಲ್ಲ.

ಅಕ್ಷರ ಸಿಕ್ಕಿತು. ಶಾರದೆ ಬರೆದುಕೊಂಡಳು. ಆಮೇಲೆ ನಾನು ತಲೆ ಎತ್ತಿದೆ. ಮೇಲೆ ಚಪ್ಪಟೆ ಬಂಡೆಯೊಂದರ ಮೇಲೆ, ಅರ್ಧ ಬಿಸಿಲು ಅರ್ಧ ನೆರಳಿನಲ್ಲಿ, ಹಳದಿಯ ಮೇಲೆ ಕಪ್ಪು ಚುಕ್ಕೆಗಳು. ಅದರ ಕೆಳಗೆ ಎರಡು ಗಾಡಿಗಳುದ್ದದ ದೂರದಲ್ಲಿ ವಿಮಲೆ ಹತ್ತುತ್ತಿದ್ದಳು. ನಾನು ಕೂಗಿದೆ. ಏನೆಂದು ಕೂಗಿದೆ ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. "ಹುಸೇನಪ್ಪ, ಬಣ್ಣ ಇವತ್ತು ಚೆನ್ನಾಗಿ ಕೂತಿದೆ," ಎಂದೆ.

ಅದು ನನ್ನ ಕಡೆ ಮುಖ ತಿರುಗಿಸಿತು. ಆಗಲೂ ನನಗೆ ಹೊಳೆಯಲಿಲ್ಲ. ಬಾಲದ ತುದಿ ಅಲ್ಲಾಡಿತು. ಬಟ್ಟೆ ತುರುಕಿದ ಬಾಲ ಸೊಂಟ ಕುಣಿಸಿದರೆ ಮಾತ್ರ ಆಡುತ್ತದೆ, ಇಡಿಯಾಗಿ ಆಡುತ್ತದೆ. ಇದು ಹಾಗಲ್ಲ. ಮೈಯೆಲ್ಲ ಕಲ್ಲಿನಂತೆ ಅಲುಗದೆ ಇದ್ದು, ತುದಿಯ ನಾಲ್ಕು ಬೆರಳಷ್ಟು ಮಾತ್ರ ಎಡಕ್ಕೆ ಒಂದು ಸಲ, ಬಲಕ್ಕೆ ಒಂದು ಸಲ ಆಡಿತು.

ಶಾರದೆಯ ಪೆನ್ಸಿಲು ಕೆಳಗೆ ಬಿತ್ತು. ಅವಳಿಗೂ ತಿಳಿದಿತ್ತು. ಅವಳು ಕೂಗುವ ಮೊದಲು ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. ಕೂಗಿದರೆ ವಿಮಲೆ ತಿರುಗುತ್ತಾಳೆ, ತಿರುಗಿದರೆ ಓಡುತ್ತಾಳೆ. ನಾನು ಓಡಿಹೋಗಿ ಎತ್ತಿಕೊಳ್ಳೋಣವೆಂದರೆ ಅದು ಎಗರೀತು. ಇಷ್ಟು ಓದಿದವಳಿಗೆ ಆಗ ನೆನಪಾದದ್ದು ಒಂದೇ: ಊರಿನಿಂದ ಹೊರಡುವಾಗ ಅಮ್ಮ ಮಕ್ಕಳ ಕೈಯನ್ನು ನನ್ನ ಕೈಯಲ್ಲಿಟ್ಟು ಒಳಗೆ ಹೋಗಿದ್ದಳು.

ವಿಮಲೆ ನಿಂತಳು. ಲಂಗದ ಗಂಟು ಬಿಚ್ಚಿದಳು. ಗಂಟು ಬೇಗ ಬಿಚ್ಚಿಕೊಳ್ಳಲಿಲ್ಲ. ಹಲ್ಲಿನಿಂದ ಎಳೆದಳು. ಪೊಟ್ಟಣ ತೆಗೆದು, ಕಾಗದ ಬಿಡಿಸಿ, ಬಂಡೆಯ ಮೇಲೆ ಇಟ್ಟಳು. ಅದು ಕಿವಿಗಳನ್ನು ಹಿಂದಕ್ಕೆ ಮಡಚಿತು. ವಿಮಲೆ ಕೈ ಎತ್ತಿ ಸಲಾಂ ಮಾಡಿದಳು. ಆಮೇಲೆ ಬೆನ್ನು ತೋರಿಸದೆ ಒಂದು ಹೆಜ್ಜೆ ಹಿಂದೆ ಇಟ್ಟಳು. ಇನ್ನೊಂದು ಇಟ್ಟಳು. ಬಂಡೆಯ ಇಳಿಜಾರಿನಲ್ಲಿ ಅವಳ ಕಾಲು ಪ್ರತಿ ಸಲವೂ ನೆಲವನ್ನು ತಡವಿ ಹುಡುಕುತ್ತಿತ್ತು. ನಾನು ಎಣಿಸುತ್ತಿದ್ದೆ. ಹದಿನಾರು ಹೆಜ್ಜೆ. ಈಗಲೂ ಒಮ್ಮೊಮ್ಮೆ ಅಡುಗೆಮನೆಯಿಂದ ಹಜಾರಕ್ಕೆ ನಡೆಯುವಾಗ ನನಗೇ ತಿಳಿಯದೆ ಹದಿನಾರು ಎಣಿಸಿರುತ್ತೇನೆ.

ಹದಿನಾರನೆಯದಕ್ಕೆ ಅವಳ ಜಡೆ ನನ್ನ ಕೈಗೆ ಸಿಕ್ಕಿತು. ಅದೇ ಹೊತ್ತಿಗೆ ಕೆಳಗಿನಿಂದ ಹಲಗೆ, ತಮಟೆ, ಕೂಗು ಎಲ್ಲ ಒಟ್ಟಿಗೆ ಬಂದವು. ಕುರುಬ ಊರಿಗೆ ಓಡಿ, ಮೈಸೂರು ಕಡೆಯ ಹೆಂಗಸೊಬ್ಬಳು ಮಕ್ಕಳಿಗೆ ಹುಲಿ ತೋರಿಸಲು ಗುಡ್ಡ ಹತ್ತಿದ್ದಾಳೆಂದು ಹೇಳಿದ್ದನಂತೆ. ಮೊಹರಂ ಆದ್ದರಿಂದ ಹಲಗೆಗಳು ಕೈಯಲ್ಲೇ ಇದ್ದವು. ಸದ್ದಿಗೆ ಚಿರತೆ ಎದ್ದಿತು; ಕುರುಬನ ಬಾಯಲ್ಲಿ ಅದೂ ಹುಲಿಯೇ. ಅವಸರವಿಲ್ಲದೆ ಬಂಡೆಯ ಸಂದಿಗೆ ಇಳಿದು ಕಾಣದಾಯಿತು.

ವಿಮಲೆಗೆ ಬಹಳ ಬೇಜಾರು. "ಹುಸೇನಪ್ಪ ಸಕ್ಕರೆ ತಗೊಳ್ಳಲೇ ಇಲ್ಲ," ಎಂದಳು.

ಮನೆಗೆ ಬಂದ ಮೇಲೆ ಬಸಲಿಂಗಮ್ಮ ನನ್ನನ್ನು ಕೂರಿಸಿ ನೀರು ಕುಡಿಸಿದಳು. ವಿಮಲೆಯ ಹಣೆಗೆ ವಿಭೂತಿ ಹಚ್ಚಿ, ನನ್ನ ಕಿವಿಯಲ್ಲಿ ಹೇಳಿದಳು: "ಕೂಸಿಗೆ ಹೇಳಬ್ಯಾಡ್ರಿ ಯವ್ವಾ. ಅಂಜಿಕಿ ಒಳಗ ಹೊಕ್ಕರ ಜಲ್ದಿ ಬಿಡೂದಿಲ್ಲ. ಊರಾಗೂ ಯಾರೂ ಹೇಳಂಗಿಲ್ಲ, ನಾ ಹೇಳೇನಿ."

ಆಮೇಲೆ ಎರಡು ದಿನ ಇಡೀ ಮಸ್ಕಿ ಒಂದು ಏಳು ವರ್ಷದ ಮಗುವಿನ ಮುಂದೆ ನಾಟಕ ಆಡಿತು. ಬಂದವರೆಲ್ಲ ವಿಮಲೆಯ ಗಲ್ಲ ಹಿಡಿದು ನೋಡುತ್ತಾರೆ, ನಮ್ಮ ಕಡೆ ಕಣ್ಣು ಹೊಡೆಯುತ್ತಾರೆ, "ಹುಸೇನ್ಯಾ ಮೊನ್ನಿ ಭಾಳ ಚಲೋ ಕುಣದಾನ ಬಿಡು" ಎನ್ನುತ್ತಾರೆ. ಹುಸೇನಪ್ಪ ಪಾಪ, ಆ ಹೊತ್ತು ಅತ್ತೆಯ ಮನೆಯಲ್ಲಿ ಬಣ್ಣ ತೊಳೆದುಕೊಂಡು ನಿದ್ದೆ ಮಾಡುತ್ತಿದ್ದನಂತೆ. ಓಡಿ ಬಂದವನು ನನ್ನೆದುರು ಅತ್ತ. ವಿಮಲೆಯ ಎದುರು ಮಾತ್ರ ತಲೆ ತಗ್ಗಿಸಿ ಬೈಸಿಕೊಂಡ.

"ನಾನು ಮರ್ಯಾದೆಯಾಗಿ ಕೊಟ್ಟರೆ ಯಾಕೆ ತಿನ್ನಲಿಲ್ಲ?"

"ಅವತ್ತ ಹೊಟ್ಟಿ ತುಂಬಿತ್ತ, ತಂಗಿ," ಎಂದ. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಅಷ್ಟು ಜೋರಾಗಿ ನಕ್ಕೆ ಎಂದರೆ ಬಸಲಿಂಗಮ್ಮ ನನ್ನ ಬೆನ್ನು ಸವರಬೇಕಾಯಿತು.

ಆ ಎರಡು ದಿನವೂ ವಿಮಲೆ ಊರಿನ ರಾಣಿ. ಕೆಂಡದ ಗುಂಡಿಯ ಸುತ್ತ ಹೆಜ್ಜೆ ಹಾಕುವವರ ನಡುವೆ ಅವಳೂ ಹೆಜ್ಜೆ ಹಾಕಿದಳು. ದೊಡ್ಡ ನಾಯಿಯೊಂದರ ತಲೆ ಸವರಿದಳು. ಅವಳು ಕತ್ತಲ ಕೋಣೆಗೆ ಒಬ್ಬಳೇ ಹೋಗಿ ಚೊಂಬು ತಂದಳು. ಭಾವ ಕೇಳಿದ್ದು ಇದನ್ನೇ. ಶಾರದೆ ಮಾತ್ರ ನನ್ನನ್ನು ನೋಡುತ್ತಲೇ ಇದ್ದಳು. ಹೊರಡುವ ಹಿಂದಿನ ದಿನ ಕೇಳಿಯೇಬಿಟ್ಟಳು: "ಮೈಸೂರಿನ ಝೂನಲ್ಲಿ ಇವಳು ಹುಲಿಯ ಬೋನಿನ ಒಳಗೆ ಕೈ ಹಾಕಿದರೆ ಏನು ಮಾಡೋದು ಚಿಕ್ಕಮ್ಮ?"

ಮತ್ತೆ ಹೊಳೆ

ಹುಸೇನಪ್ಪನೇ ಗಾಡಿ ಕಟ್ಟಿ ಸಿಂಧನೂರಿನ ಮೇಲೆ ಹೊಳೆಯವರೆಗೆ ತಂದು ಬಿಟ್ಟ. ಅವನು ತಿರುಗಿ ಹೋದ ಮೇಲೆ, ದಡದ ಕಲ್ಲಿನ ಮೇಲೆ ಕೂತು ವಿಮಲೆಗೆ ಹೇಳಿದೆ. ಗುಡ್ಡದ ಮೇಲೆ ಇದ್ದದ್ದು ಹುಸೇನಪ್ಪ ಅಲ್ಲ. ಅದರೊಳಗೆ ಮನುಷ್ಯ ಇರಲಿಲ್ಲ. ಯಾವಾಗಲೂ ಇರುತ್ತಾನೆ ಅಂತ ನಾನು ಹೇಳಿದ್ದು ತಪ್ಪು.

ನಾಕಾದವರು ಯಾರದೋ ಟ್ರಂಕು ಬಡಿಯುತ್ತಿದ್ದರು.

"ನಿಜವಾದ್ದಾ?"

"ನಿಜವಾದ್ದು."

"ಹಾಗಾದರೆ ನನ್ನನ್ನ ಯಾಕೆ ತಿನ್ನಲಿಲ್ಲ?"

"ನನಗೆ ಗೊತ್ತಿಲ್ಲ ಪುಟ್ಟಿ." ತರಗತಿಯಲ್ಲಿ ನಾನು ಈ ಮಾತನ್ನು ಒಮ್ಮೆಯೂ ಆಡಿದವಳಲ್ಲ.

ಅವಳು ನನ್ನ ಕಡೆ ತಿರುಗಿದಳು. ಎರಡು ಕೈಯನ್ನೂ ಮೇಲೆತ್ತಿದಳು. ಮೂರು ವರ್ಷದಿಂದ ಅವಳನ್ನು ಎತ್ತಿಕೊಂಡಿರಲಿಲ್ಲ. ಎತ್ತಿಕೊಂಡೆ. ಮುಖವನ್ನು ನನ್ನ ಹೆಗಲಿಗೆ ಒತ್ತಿ, ಹೊರಗಿನದೆಲ್ಲ ಕಾಣದಂತೆ ಕಣ್ಣು ಮುಚ್ಚಿಕೊಂಡಳು. ಹೊಳೆಯ ಮರಳು ಉದ್ದ. ಕಾಲು ಹೂಳುತ್ತಿತ್ತು. ಶಾರದೆ ಎಲ್ಲರ ಚಪ್ಪಲಿ ಹಿಡಿದು ಹಿಂದೆ ಬಂದಳು. ಆ ಭಾರ ಹೊತ್ತು ನಡೆಯುವಾಗ ನನಗೆ ಆದಷ್ಟು ಸುಖ ಆ ಪ್ರಯಾಣದಲ್ಲಿ ಇನ್ನೆಲ್ಲೂ ಆಗಲಿಲ್ಲ.

ಹರಿಗೋಲಿನ ಅಂಬಿಗ ನಮ್ಮನ್ನು ನೋಡಿ ಹುಟ್ಟು ಊರಿಕೊಂಡು ನಿಂತ. "ಇಷ್ಟ ದೊಡ್ಡ ಕೂಸನ್ನ ಹೊತ್ತೀರಲ್ರಿ ಅಕ್ಕಾರ. ಕಾಲಿಗೇನಾಗೈತ್ರಿ?"

"ಕಾಲಿಗೆ ಏನೂ ಇಲ್ಲಪ್ಪ. ಮಸ್ಕಿಯಲ್ಲಿ ಹುಲಿ ನೋಡಿ ಬಂದಿದಾಳೆ."

"ಯಾ ಹುಲೀರಿ?" ಎಂದ ಅಂಬಿಗ. "ವೇಷದ್ದೋ, ಖರೇದ್ದೋ?"

ಇಷ್ಟು ಸಣ್ಣ ಪ್ರಶ್ನೆ. ಗುಡ್ಡದ ಬುಡದಲ್ಲಿ ನಾನು ಕೇಳಬೇಕಾಗಿದ್ದದ್ದು ಇದೇ ಎರಡು ಪದ.

ವಿಮಲೆ ಹೆಗಲಿನಿಂದ ಮುಖ ಎತ್ತಲಿಲ್ಲ. ನನ್ನ ಕೊರಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡು, ಅವನದೇ ಭಾಷೆಯಲ್ಲಿ, "ಖರೇದ್ದು," ಎಂದಳು.